ವಾರ್ತೆಯಲ್ಲಿ ಪರರ ಮಾತು

ಪುರಾಣಗಳಲ್ಲಿ ಬರುವ ಅಶರೀರವಾಣಿಗೆ ಹೆಸರಿಲ್ಲ, ಊರಿಲ್ಲ. ಕಂಸನು ತಂಗಿಯ ಮದುವೆಯ ರಥವನ್ನು ತಾನೇ ನಡೆಸುತ್ತಿದ್ದಾಗ ಆಕಾಶದಿಂದ ಒಂದು ಮಾತು ಕೇಳಿಬಂದಿತು. ನುಡಿದವರು ಯಾರೆಂದು ಅವನು ವಿಚಾರಿಸಲಿಲ್ಲ. ಕೇಳಿದೊಡನೆ ಕತ್ತಿಯನ್ನು ಹಿರಿದನು. ಪುರಾಣದಲ್ಲಿ ಇದು ಸಲ್ಲುತ್ತದೆ, ಏಕೆಂದರೆ ಅಲ್ಲಿ ನುಡಿದುದು ದೈವ. 1935ನೆಯ ಇಸವಿಯಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಸ್ಥಾಪಿಸಿದಾಗ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಹೆಸರು ಸೊಗಸಾದುದು, ಮುಂದೆ ಇಡೀ ದೇಶವೇ ಅದನ್ನು ತನ್ನದಾಗಿ ಮಾಡಿಕೊಂಡಿತು. ಆದರೆ ವಾರ್ತೆಯ ಮಟ್ಟಿಗೆ ಈ ಹೆಸರಿನಲ್ಲಿ ಒಂದು ಎಚ್ಚರಿಕೆಯೂ ಅಡಗಿದೆಯೆಂದು ನನಗೆ ತೋರುತ್ತದೆ. ಬಾನುಲಿಯಲ್ಲಿ ಬರುವ ಮಾತಿಗೆ ಮುಖ ಕಾಣಿಸದು. ಆದುದರಿಂದಲೇ ಅದು ಯಾರ ಮಾತು, ಯಾರು ಕೇಳಿದ್ದಕ್ಕೆ ಕೊಟ್ಟ ಉತ್ತರ, ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಿತು ಎಂಬುದನ್ನು ಪತ್ರಿಕೆಗಿಂತಲೂ ಹೆಚ್ಚು ಸ್ಪಷ್ಟವಾಗಿ ತಿಳಿಸಬೇಕಾದ ಹೊಣೆ ಅದಕ್ಕೆ ಇದೆ.

ಇಂದಿನ ವಿಷಯ ಇಷ್ಟೇ: ಬಾನುಲಿಯ ವರದಿಗಾರನು ಜನರನ್ನು ಹೇಗೆ ಸಂದರ್ಶಿಸಬೇಕು, ಅವರು ಆಡಿದ ಮಾತನ್ನು ವಾರ್ತೆಯಲ್ಲಿ ಹೇಗೆ ಬಳಸಬೇಕು. ಇದು ಆ ಉದ್ಯೋಗದವರಿಗೆ ಮಾತ್ರ ಸಂಬಂಧಿಸಿದ ವಿಚಾರವೆಂದು ಶ್ರೋತೃಗಳು ಭಾವಿಸಬಾರದು. ಮಾತಾಡುವವರು ನಾವೇ, ಕೇಳುವವರೂ ನಾವೇ. ನಡುವೆ ಆಗುವ ವ್ಯವಹಾರದ ರೀತಿಯನ್ನು ತಿಳಿಯುವುದು ನಮಗೆ ಅಗತ್ಯವಾಗಿದೆ.

ಮೊದಲು ಸ್ವಲ್ಪ ಚರಿತ್ರೆ. ಬಾನುಲಿಯ ಆರಂಭದ ದಶಕಗಳಲ್ಲಿ, ಇಂಗ್ಲೆಂಡಿನಲ್ಲಾಗಲಿ ನಮ್ಮಲ್ಲಾಗಲಿ, ಸಂದರ್ಶನವೆಂಬುದು ಬಹುಮಟ್ಟಿಗೆ ಓದುವ ವ್ಯವಹಾರವಾಗಿತ್ತು. ಪ್ರಶ್ನೆಗಳನ್ನೂ ಉತ್ತರಗಳನ್ನೂ ಮೊದಲೇ ಬರೆದು, ತಿದ್ದಿ, ಒಪ್ಪಿಗೆ ಪಡೆದು, ಇಬ್ಬರೂ ಕಾಗದ ಹಿಡಿದು ಎದುರುಬದುರು ಕುಳಿತು ಓದುತ್ತಿದ್ದರು. ಮಾತು ತಪ್ಪುವ ಭಯವಿರಲಿಲ್ಲ. ಆದರೆ ಮಾತಿನ ಜೀವವೂ ಇರಲಿಲ್ಲ. ನಮ್ಮ ಧಾರವಾಡದ ನಿಲಯವು 1950ನೆಯ ಇಸವಿ ಜನವರಿ 8ರಂದು ಪ್ರಾರಂಭವಾಯಿತು. ಅದೇ ಕಾಲಕ್ಕೆ ಕಾಂತಪಟ್ಟಿಯ ಮೇಲೆ, ಎಂದರೆ ಟೇಪಿನ ಮೇಲೆ, ಧ್ವನಿಯನ್ನು ಮುದ್ರಿಸುವ ಯಂತ್ರಗಳು ಜಗತ್ತಿನ ಕೇಂದ್ರಗಳಲ್ಲೆಲ್ಲ ಬಳಕೆಗೆ ಬರುತ್ತಲಿದ್ದವು. ಮುಂದೆ ಹೆಗಲಿಗೆ ತೂಗುಹಾಕಿಕೊಳ್ಳುವ ಯಂತ್ರಗಳು ಬಂದ ಮೇಲೆ ವರದಿಗಾರನು ಜನರನ್ನು ನಿಲಯಕ್ಕೆ ಕರೆಯುವ ಬದಲು ತಾನೇ ಹೊಲಕ್ಕೆ, ಸಂತೆಗೆ, ಗಿರಣಿಯ ಬಾಗಿಲಿಗೆ ಹೋಗತೊಡಗಿದನು. ಬರೆದು ಓದುವ ಉತ್ತರ ಹೋಗಿ, ಬಾಯಿಂದ ಬಂದ ಉತ್ತರವೇ ಜನರ ಕಿವಿಗೆ ಮುಟ್ಟುವಂತಾಯಿತು. 1956ರಿಂದ ಕೆಲವು ವರ್ಷ ಈ ನಿಲಯಕ್ಕೆ ಸಾಹಿತ್ಯ ಸಲಹೆಗಾರರಾಗಿದ್ದ ಬೇಂದ್ರೆಯವರ ಧ್ವನಿಮುದ್ರಿಕೆಯನ್ನು ಕೇಳಿದವರಿಗೆ, ಅಚ್ಚಿನ ಪುಟಕ್ಕೂ ಕಂಠಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಅನುಕೂಲದ ಜೊತೆಗೆ ಹೊಸ ಹೊಣೆಯೂ ಬಂದಿತು. ಅದನ್ನು ಕೇಳುವ ಹಂತ, ಆರಿಸುವ ಹಂತ, ಕತ್ತರಿಸುವ ಹಂತ, ಹೇಳುವ ಹಂತ ಎಂದು ನಾಲ್ಕಾಗಿ ವಿಂಗಡಿಸಿ ನೋಡಬಹುದು.

ಸಂದರ್ಶನದ ಅರ್ಧ ಕೆಲಸ ಮನೆಯಿಂದ ಹೊರಡುವ ಮೊದಲೇ ಆಗಿರಬೇಕು. ಹುಬ್ಬಳ್ಳಿ ಧಾರವಾಡದ ಕುಡಿಯುವ ನೀರಿನ ವಿಷಯವಾಗಿ ಅಧಿಕಾರಿಯೊಬ್ಬರನ್ನು ಪ್ರಶ್ನಿಸಲು ಹೊರಟವನು, ಈ ಅವಳಿ ನಗರಕ್ಕೆ ಮಲಪ್ರಭೆಯ ನವಿಲುತೀರ್ಥದ ಜಲಾಶಯದಿಂದಲೂ ನೀರಸಾಗರದಿಂದಲೂ ನೀರು ಬರುತ್ತ ಬಂದಿದೆಯೆಂಬುದನ್ನು ಅವರಿಂದಲೇ ಕೇಳಿ ತಿಳಿಯುವುದು ಸಮಯದ ಅಪವ್ಯಯ. ಪುಸ್ತಕದಲ್ಲಿಯೂ ಕಡತದಲ್ಲಿಯೂ ಸಿಗುವುದನ್ನು ಅಲ್ಲಿಯೇ ಓದಿಕೊಂಡು, ಆ ವ್ಯಕ್ತಿಯೊಬ್ಬನೇ ಹೇಳಬಲ್ಲ ಸಂಗತಿಯನ್ನು ಮಾತ್ರ ಆ ವ್ಯಕ್ತಿಯನ್ನು ಕೇಳಬೇಕು. ಅಧಿಕಾರಿಯನ್ನು ಅವನ ನಿರ್ಣಯದ ಕಾರಣವನ್ನು ಕೇಳಬೇಕು. ಗೃಹಿಣಿಯನ್ನು ಕೊಡದ ಮುಂದೆ ಕಳೆದ ಅವಳ ರಾತ್ರಿಯನ್ನು ಕೇಳಬೇಕು. ಅಧಿಕಾರಿಗೆ ಹಾಕತಕ್ಕ ಪ್ರಶ್ನೆಯನ್ನು ಗೃಹಿಣಿಗೆ ಹಾಕಿದರೆ ಇಬ್ಬರಿಂದಲೂ ಏನೂ ದೊರೆಯದು.

ಪ್ರಶ್ನೆಯ ರೂಪದಲ್ಲಿಯೇ ಉತ್ತರದ ರೂಪವೂ ಅಡಗಿರುತ್ತದೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂದು ಕೇಳಿದರೆ ಎದುರಿನವನು ತನ್ನ ವಾಕ್ಯವನ್ನು ತಾನೇ ಕಟ್ಟಬೇಕಾಗುತ್ತದೆ. ‘ಸರಕಾರ ನಿಮ್ಮನ್ನು ಪೂರ್ತಿ ಮರೆತಿದೆ, ಅಲ್ಲವೇ?’ ಎಂದು ಕೇಳಿದರೆ ವಾಕ್ಯವನ್ನು ಕಟ್ಟಿದವನು ವರದಿಗಾರ. ಎದುರಿನವನ ಪಾಲಿಗೆ ಉಳಿದುದು ‘ಹೌದ್ರೀ’ ಎಂಬ ಒಂದು ಮಾತು. ನಮ್ಮ ಭಾಗದಲ್ಲಿ ಈ ‘ಹೌದ್ರೀ’ ಎಂಬುದರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅದು ಯಾವಾಗಲೂ ಸಮ್ಮತಿಯಲ್ಲ. ಹಿರಿಯರು ಮಾತಾಡುವಾಗ ನಡುನಡುವೆ ‘ಹೌದ್ರೀ, ಹೌದ್ರೀ’ ಎನ್ನುವುದು ನಮ್ಮ ಸೌಜನ್ಯ. ‘ನಾನು ಕೇಳುತ್ತಿದ್ದೇನೆ, ಮುಂದೆ ಹೇಳಿರಿ’ ಎಂದು ಅದರ ಅರ್ಥ. ಪಟ್ಟಣದಿಂದ ಯಂತ್ರ ಹೊತ್ತು ಬಂದ ಗೃಹಸ್ಥನ ಮುಂದೆ ಹಳ್ಳಿಯ ಮನುಷ್ಯನು ‘ಅಲ್ರೀ’ ಎನ್ನಲು ಸಂಕೋಚಪಡುವುದು ಸಹಜ. ಆ ಸೌಜನ್ಯವನ್ನೇ ಸಾಕ್ಷ್ಯವೆಂದು ತೆಗೆದುಕೊಂಡು ‘ಸರಕಾರ ತಮ್ಮನ್ನು ಮರೆತಿದೆಯೆಂದು ರೈತರು ದೂರಿದರು’ ಎಂದು ಪ್ರಸಾರ ಮಾಡಿದರೆ, ದೂರಿದವನು ವರದಿಗಾರ. ರೈತನು ಕೇವಲ ಮರ್ಯಾದೆ ತೋರಿಸಿದನು.

ಕೇಳಿದ ಮೇಲೆ ಸುಮ್ಮನಿರುವುದು ಕೇಳುವುದರಷ್ಟೇ ಕಷ್ಟದ ವಿದ್ಯೆ. ಮನುಷ್ಯನು ಮೊದಲು ಕೊಡುವ ಉತ್ತರ ಸಿದ್ಧವಾಗಿ ನಾಲಗೆಯ ಮೇಲಿದ್ದುದು. ಅದಾದ ಬಳಿಕ ಒಂದೆರಡು ಕ್ಷಣ ವರದಿಗಾರನು ಮಾತಾಡದೆ ಇದ್ದರೆ, ಅನೇಕ ಸಲ ಅವನು ನಿಜವಾಗಿ ಹೇಳಬೇಕೆಂದಿದ್ದುದು ಹೊರಗೆ ಬರುತ್ತದೆ. ಅಚ್ಚುಕಟ್ಟಾದ ಪ್ರಶ್ನಾವಳಿಯನ್ನು ಕೈಯಲ್ಲಿ ಹಿಡಿದವರಿಗೆ ಈ ತಾಳ್ಮೆ ಬಾರದು. ಉತ್ತರ ನಡೆಯುತ್ತಿರುವಾಗಲೇ ಅವರ ಕಣ್ಣು ಮುಂದಿನ ಪ್ರಶ್ನೆಯ ಮೇಲಿರುತ್ತದೆ.

ದುಃಖದಲ್ಲಿರುವವರ ಸಂದರ್ಶನ ಇನ್ನೂ ಸೂಕ್ಷ್ಮವಾದುದು. 2019ನೆಯ ಇಸವಿ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು ಅನೇಕರು ಪ್ರಾಣ ಕಳೆದುಕೊಂಡರು. ಅವಶೇಷಗಳನ್ನು ಸರಿಸುವ ಕಾರ್ಯ ಹಲವು ದಿನ ನಡೆಯಿತು. ಅಂತಹ ಸ್ಥಳದಲ್ಲಿ ಕಾದು ನಿಂತ ಬಂಧುವಿನ ಮುಂದೆ ಮೈಕು ಹಿಡಿದು ‘ನಿಮಗೆ ಹೇಗೆ ಅನಿಸುತ್ತಿದೆ?’ ಎಂದು ಕೇಳುವುದರಿಂದ ಕೇಳುಗರಿಗೆ ತಿಳಿಯುವುದೇನು? ದುಃಖವಾಗಿದೆಯೆಂಬುದು ಕೇಳದೆಯೇ ಗೊತ್ತು. ಒಳಗೆ ಇದ್ದವರು ಯಾರು, ಅವರು ಅಲ್ಲಿ ಏನು ಕೆಲಸ ಮಾಡುತ್ತಿದ್ದರು, ಸುದ್ದಿ ಇವರಿಗೆ ಮುಟ್ಟಿದ್ದು ಹೇಗೆ, ಇದುವರೆಗೆ ಯಾರಾದರೂ ಇವರೊಡನೆ ಮಾತಾಡಿರುವರೇ ಎಂದು ಕೇಳುವುದರಲ್ಲಿ ಅರ್ಥವಿದೆ. ಮಾತಾಡಲು ಮನಸ್ಸಿಲ್ಲವೆಂದರೆ ಕೈಮುಗಿದು ಹಿಂದೆ ಸರಿಯುವುದರಲ್ಲಿಯೂ ಅರ್ಥವಿದೆ. ತಾನು ಯಾವ ಕೇಂದ್ರದವನು, ಈ ಮಾತು ಪ್ರಸಾರವಾಗುವುದೆಂಬುದನ್ನು ಯಂತ್ರ ಚಾಲೂ ಮಾಡುವ ಮೊದಲೇ ಹೇಳತಕ್ಕದ್ದು. ಮಂತ್ರಿಗೆ ಇದನ್ನು ಹೇಳಬೇಕಾಗಿಲ್ಲದಿರಬಹುದು, ಮಂತ್ರಿಯಲ್ಲದವನಿಗೆ ಹೇಳಲೇಬೇಕು.

ಇನ್ನು ಆರಿಸುವ ಹಂತ. ಅರ್ಧ ಗಂಟೆ ಮಾತಾಡಿದವರ ಮಾತಿನಿಂದ ವಾರ್ತೆಯಲ್ಲಿ ಕೇಳಿಸುವುದು ಹದಿನೈದಿಪ್ಪತ್ತು ಸೆಕೆಂಡು. ಯಾವುದನ್ನು ಅವರ ಕಂಠದಿಂದಲೇ ಕೇಳಿಸಬೇಕು, ಯಾವುದನ್ನು ವರದಿಗಾರನು ತನ್ನ ಮಾತಿನಲ್ಲಿ ಹೇಳಬೇಕು? ನನಗೆ ತೋರುವ ನಿಯಮವಿದು: ಸಂಗತಿಯನ್ನು ವರದಿಗಾರನು ಹೇಳಲಿ, ಅನುಭವ, ಅಭಿಪ್ರಾಯ, ಹೊಣೆ ಈ ಮೂರನ್ನು ಮಾತಾಡಿದವರೇ ಹೇಳಲಿ. ಎಷ್ಟು ಎಕರೆ, ಎಷ್ಟು ರೂಪಾಯಿ, ಯಾವ ತಾರೀಖು ಎಂಬುದನ್ನು ತಡವರಿಸುತ್ತ ಹೇಳುವ ಕಂಠವನ್ನು ಕೇಳಿಸುವುದರಿಂದ ಪ್ರಯೋಜನವಿಲ್ಲ. ಅದನ್ನು ಪರಿಶೀಲಿಸಿ ಒಂದು ವಾಕ್ಯದಲ್ಲಿ ಓದಿಬಿಡಬಹುದು. ಆದರೆ ‘ಈ ಕೆಲಸ ಮುಂದಿನ ಯುಗಾದಿಯೊಳಗೆ ಮುಗಿಯುತ್ತದೆ, ಅದು ನನ್ನ ಜವಾಬ್ದಾರಿ’ ಎಂದು ಅಧಿಕಾರಿಯೊಬ್ಬನು ಹೇಳಿದ್ದರೆ ಅದನ್ನು ಅವನ ಕಂಠದಲ್ಲಿಯೇ ಕೇಳಿಸಬೇಕು. ಯುಗಾದಿ ಬಂದಾಗ ಆ ಕಂಠವೇ ಸಾಕ್ಷಿಯಾಗಿರುತ್ತದೆ.

ಇಲ್ಲಿ ನಮ್ಮ ಆಡುನುಡಿಯ ಪ್ರಶ್ನೆಯೂ ಬರುತ್ತದೆ. ವಾರ್ತೆ ಓದುವವರ ಕನ್ನಡ ಒಂದು; ಧಾರವಾಡ, ಗದಗ, ವಿಜಾಪುರ ಕಡೆಯ ಜನ ಆಡುವ ಕನ್ನಡ ಇನ್ನೊಂದು. ‘ನಮ್ಮವ್ವ ಎರಡ ದಿವಸ ಉಂಡಿಲ್ರೀ’ ಎಂಬ ಮಾತನ್ನು ‘ತಮ್ಮ ತಾಯಿಯವರು ಎರಡು ದಿನಗಳಿಂದ ಆಹಾರ ಸೇವಿಸಿರುವುದಿಲ್ಲವೆಂದು ಅವರು ತಿಳಿಸಿದರು’ ಎಂದು ಮಾಡಿದರೆ ಸಂಗತಿಯೇನೋ ಉಳಿಯುತ್ತದೆ. ಹೇಳಿದ ಮನುಷ್ಯ ಉಳಿಯುವುದಿಲ್ಲ. ಬಹುಕಾಲ ಗ್ರಂಥದ ಭಾಷೆಯೊಂದೇ ಪ್ರಸಾರಕ್ಕೆ ಯೋಗ್ಯವೆಂಬ ಭಾವನೆಯಿದ್ದಿತು. ವಾಚಕರ ಭಾಷೆ ಎಲ್ಲ ಪ್ರದೇಶದವರಿಗೂ ತಿಳಿಯುವಂತೆ ಸಮಾನವಾಗಿರಲಿ, ಅದು ನ್ಯಾಯ. ಆದರೆ ಸಂದರ್ಶನ ಕೊಟ್ಟವನ ಮಾತನ್ನು ಮಡಿಯುಡಿಸಲು ವರದಿಗಾರನಿಗೆ ಅಧಿಕಾರವಿಲ್ಲ. ಅದರಂತೆಯೇ, ಗ್ರಾಮ್ಯವಾಗಿ ಕೇಳಿಸಲೆಂದು ಓದುಬರಹ ಬಲ್ಲ ರೈತನ ತಪ್ಪು ಉಚ್ಚಾರವನ್ನೇ ಹುಡುಕಿ ಆರಿಸುವುದಕ್ಕೂ ಅಧಿಕಾರವಿಲ್ಲ. ಹುಬ್ಬಳ್ಳಿಯಂತಹ ಊರಿನಲ್ಲಿ ಉರ್ದು, ಮರಾಠಿ, ಕೊಂಕಣಿ, ತೆಲುಗು ಮನೆಮಾತಿನವರೂ ಬಹಳ. ಅವರು ತಮ್ಮ ನುಡಿಯಲ್ಲಿ ಉತ್ತರ ಕೊಟ್ಟರೆ, ಮೊದಲು ಅವರ ಧ್ವನಿಯನ್ನು ಎರಡು ಮೂರು ಸೆಕೆಂಡು ಸ್ಪಷ್ಟವಾಗಿ ಕೇಳಿಸಿ, ಅನಂತರ ಅದನ್ನು ತಗ್ಗಿಸಿ ಮೇಲೆ ಕನ್ನಡದ ಅನುವಾದವನ್ನು ಓದುವುದು ಒಳ್ಳೆಯ ಪದ್ಧತಿ. ಮಾತಾಡಿದವರು ನಿಜವಾಗಿಯೂ ಇದ್ದಾರೆಂಬ ನಂಬಿಕೆ ಅದರಿಂದ ಹುಟ್ಟುತ್ತದೆ. ಆ ಭಾಷೆ ಬಲ್ಲವನಿಗೆ ಅನುವಾದವನ್ನು ತಾಳೆನೋಡುವ ಅವಕಾಶವೂ ದೊರೆಯುತ್ತದೆ.

ಮೂರನೆಯದು ಕತ್ತರಿಸುವ ಹಂತ. ಅಪಾಯವೆಲ್ಲ ಇರುವುದು ಇಲ್ಲಿಯೇ. ಟೇಪಿನ ಕಾಲದಲ್ಲಿ ಕಾಲು ಅಂಗುಲ ಅಗಲದ ಪಟ್ಟಿಯು ಸೆಕೆಂಡಿಗೆ 7.5 ಅಂಗುಲದ ವೇಗದಲ್ಲಿ ಓಡುತ್ತಿತ್ತು. ಎಂದರೆ ಒಂದು ಸೆಕೆಂಡಿನ ಮಾತು ಒಂದು ಗೇಣಿಗಿಂತ ತುಸು ಕಡಿಮೆ. ಬೇಡವಾದ ಭಾಗವನ್ನು ಕ್ಷೌರದ ಅಲಗಿನಿಂದ ಓರೆಯಾಗಿ ಕತ್ತರಿಸಿ, ಎರಡು ತುದಿಗಳನ್ನು ಕೂಡಿಸಿ ಅಂಟಿಸುತ್ತಿದ್ದರು. ಬಿದ್ದ ತುಂಡುಗಳು ನೆಲದ ಮೇಲೆ ಕಣ್ಣಿಗೆ ಕಾಣುತ್ತಿದ್ದವು. ಈಗ ಅದೇ ಕೆಲಸವನ್ನು ಗಣಕಯಂತ್ರದ ತೆರೆಯ ಮೇಲೆ, ಬೇಕಾದರೆ ಕೈಯೊಳಗಿನ ಫೋನಿನಲ್ಲಿಯೇ, ಕ್ಷಣಾರ್ಧದಲ್ಲಿ ಮಾಡಬಹುದು. ಬಿದ್ದ ತುಂಡು ಯಾರ ಕಣ್ಣಿಗೂ ಕಾಣದು.

ಕನ್ನಡದಲ್ಲಿ ಕತ್ತರಿ ಹಾಕುವವನು ಇಂಗ್ಲಿಷಿನಲ್ಲಿ ಹಾಕುವವನಿಗಿಂತ ಹೆಚ್ಚು ಜಾಗರೂಕನಾಗಿರಬೇಕು. ಇದಕ್ಕೆ ಕಾರಣ ನಮ್ಮ ವಾಕ್ಯದ ರಚನೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದವೂ ‘ಇಲ್ಲ’ ಎಂಬ ಅರ್ಥದ ಪದವೂ ಬರುತ್ತವೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ; ‘ಇಲ್ಲ’, ‘ಅಲ್ಲ’, ‘ಬೇಡ’ ಅದಕ್ಕೂ ಕೊನೆಗೆ; ‘ಎಂದು ಅವರು ಹೇಳುತ್ತಾರೆ’ ಎಂಬುದು ಎಲ್ಲಕ್ಕೂ ಕೊನೆಗೆ. ಅರ್ಥದ ಬೀಗದ ಕೈ ಬಾಲದಲ್ಲಿದೆ. ನವಲಗುಂದದ ಕಡೆಯ ರೈತನೊಬ್ಬನು ಹೀಗೆ ಹೇಳಿದನೆಂದು ಊಹಿಸೋಣ: ‘ಕಾಲುವಿಗೆ ನೀರ ಬಂದಾವಂತ ಹೇಳ್ತಾರ್ರೀ, ನಮ್ಮ ಹೊಲಕ್ಕ ಇನ್ನೂ ಮುಟ್ಟಿಲ್ರೀ.’ ಸಮಯ ಸಾಲದೆಂದು ಅವಸರದಲ್ಲಿ ಮೊದಲ ಮೂರು ಪದಗಳನ್ನು ಉಳಿಸಿ ಉಳಿದುದನ್ನು ತೆಗೆದರೆ ಸಿಗುವುದು ‘ಕಾಲುವಿಗೆ ನೀರ ಬಂದಾವ’. ಒಂದು ಅಕ್ಷರವನ್ನೂ ಸೇರಿಸಿಲ್ಲ, ಕಂಠವೂ ಅವನದೇ. ಆದರೂ ಅವನು ಹೇಳಿದ್ದಕ್ಕೆ ತದ್ವಿರುದ್ಧವಾದುದನ್ನು ಅವನ ಬಾಯಿಂದಲೇ ಹೇಳಿಸಿದಂತಾಯಿತು. ಹಳೆಯ ಲೆಕ್ಕದಲ್ಲಿ ಇದು ಕೆಲವೇ ಗೇಣು ಪಟ್ಟಿಯ ವ್ಯವಹಾರ. ಆದುದರಿಂದ ಕನ್ನಡದ ವರದಿಗಾರನಿಗೆ ಮೊದಲ ನಿಯಮವಾಗಿ ಇದನ್ನು ಹೇಳಬೇಕು: ವಾಕ್ಯದ ತಲೆಯನ್ನು ಬೇಕಾದರೆ ಮೊಟಕುಮಾಡು, ಬಾಲವನ್ನು ಮುಟ್ಟಬೇಡ.

ಎರಡನೆಯ ನಿಯಮ, ಒಂದು ಕಡೆ ಆಡಿದ ಮಾತನ್ನು ಇನ್ನೊಂದು ಕಡೆ ಆಡಿದ ಮಾತಿಗೆ ಗುರುತಿಲ್ಲದಂತೆ ಬೆಸೆಯಬಾರದು ಎಂಬುದು. ದೊಡ್ಡ ಸಂಸ್ಥೆಗಳೂ ಇದರಲ್ಲಿ ಎಡವಿವೆ. ಬ್ರಿಟಿಷ್ ಪ್ರಸಾರ ಸಂಸ್ಥೆಯಾದ ಬಿಬಿಸಿಯು 2024ನೆಯ ಇಸವಿಯ ದೂರದರ್ಶನ ಕಾರ್ಯಕ್ರಮವೊಂದರಲ್ಲಿ, ಅಮೆರಿಕದ ಡೊನಾಲ್ಡ್ ಟ್ರಂಪ್ ಅವರು 2021ನೆಯ ಜನವರಿ 6ರಂದು ಮಾಡಿದ ಭಾಷಣದಲ್ಲಿ ಐವತ್ತು ನಿಮಿಷಗಳಿಗೂ ಹೆಚ್ಚಿನ ಅಂತರದಲ್ಲಿ ಆಡಿದ ಮಾತುಗಳನ್ನು ಒಂದೇ ಉಸಿರಿನಲ್ಲಿ ಆಡಿದಂತೆ ಕೂಡಿಸಿ ತೋರಿಸಿತ್ತು. 2025ರ ನವೆಂಬರಿನಲ್ಲಿ ಇದು ಬಯಲಿಗೆ ಬಂದು, ಸಂಸ್ಥೆಯ ಮಹಾನಿರ್ದೇಶಕರೂ ವಾರ್ತಾವಿಭಾಗದ ಮುಖ್ಯಸ್ಥೆಯೂ ರಾಜೀನಾಮೆ ಕೊಡಬೇಕಾಯಿತು. ಆ ಭಾಷಣದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ. ಪ್ರತಿಯೊಂದು ಪದವೂ ನಿಜವಾಗಿದ್ದು ವಾಕ್ಯ ಮಾತ್ರ ಸುಳ್ಳಾಗಬಹುದೆಂಬುದಕ್ಕೆ ಇದು ದೃಷ್ಟಾಂತ. ನಡುವೆ ಬಿಟ್ಟಿದ್ದರೆ ‘ಬಳಿಕ ಅವರು ಹೀಗೆಂದರು’ ಎಂಬ ವರದಿಗಾರನ ಒಂದು ಮಾತು ಸಾಕು. ಆ ಮೂರು ಪದಗಳ ಜಿಪುಣತನಕ್ಕೆ ತೆರಬೇಕಾದ ಬೆಲೆ ಬಹಳ ದೊಡ್ಡದು.

ಕೊನೆಯದು ಹೇಳುವ ಹಂತ. ಪತ್ರಿಕೆಯಲ್ಲಿ ಉದ್ಧರಣ ಚಿಹ್ನೆಗಳಿವೆ. ಓದುಗನಿಗೆ ಸಂಶಯ ಬಂದರೆ ಕಣ್ಣನ್ನು ಹಿಂದಕ್ಕೆ ಹೊರಳಿಸಬಹುದು. ಬಾನುಲಿಯಲ್ಲಿ ಚಿಹ್ನೆಗಳು ಕೇಳಿಸುವುದಿಲ್ಲ, ಹೋದ ಮಾತು ಮರಳಿ ಬರುವುದಿಲ್ಲ. ಪತ್ರಿಕೆಗಾಗಿ ಬರೆದ ಒಂದು ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಿರಿ: ‘ಊರಿನ ನೀರಿನ ಕೊರತೆಗೆ ಹಿಂದಿನ ಆಡಳಿತವೇ ಕಾರಣ, ಇನ್ನೊಂದು ತಿಂಗಳಿನಲ್ಲಿ ಎಲ್ಲ ಬಡಾವಣೆಗಳಿಗೂ ದಿನಾಲು ನೀರು ದೊರೆಯಲಿದೆ ಎಂದು ಅಧ್ಯಕ್ಷರು ಹೇಳಿದರು.’ ಕೇಳುವವನು ಕೊನೆಯ ಮೂರು ಪದಗಳವರೆಗೂ ಇದನ್ನು ಆಕಾಶವಾಣಿಯೇ ಸಾರುತ್ತಿರುವ ಸತ್ಯವೆಂದು ತಿಳಿದಿರುತ್ತಾನೆ. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಕುಕ್ಕರು ಕೂಗಿದರೆ, ಅದು ಅಧ್ಯಕ್ಷರ ಮಾತೆಂಬುದು ಅವನಿಗೆ ತಿಳಿಯುವುದೇ ಇಲ್ಲ. ಆದುದರಿಂದ ಬಾನುಲಿಯಲ್ಲಿ ಹೆಸರು ಮೊದಲು, ಮಾತು ಅನಂತರ: ‘ಅಧ್ಯಕ್ಷರು ಹೇಳುವುದು ಹೀಗೆ.’ ನಮ್ಮ ಪೂರ್ವಿಕರಿಗೆ ಇದು ಗೊತ್ತಿತ್ತು. ಕಿವಿಯಿಂದ ಕೇಳಲೆಂದೇ ಇದ್ದ ಮಹಾಭಾರತದಲ್ಲಿ ‘ಸಂಜಯ ಉವಾಚ’ ಎಂಬುದು ಮಾತಿಗೆ ಮೊದಲು ಬರುತ್ತದೆ; ಶ್ಲೋಕದ ಛಂದಸ್ಸಿಗೆ ಹೊರಗಾದರೂ ಅದನ್ನು ಬಿಡಲಿಲ್ಲ. ಯಾರ ಮಾತೆಂಬುದು ತಿಳಿಯದೆ ಮಾತನ್ನು ಕೇಳಿಸಬಾರದೆಂಬುದು ಅವರ ಶಿಸ್ತು.

ಸರ್ವನಾಮದ ವಿಷಯದಲ್ಲಿ ನಮ್ಮ ಭಾಷೆ ಇಂಗ್ಲಿಷಿಗಿಂತ ಅನುಕೂಲವಾಗಿದೆ. ‘ಅವರು ತಪ್ಪು ಮಾಡಿಲ್ಲವೆಂದು ಅಧ್ಯಕ್ಷರು ಹೇಳಿದರು’ ಎಂದರೆ ತಪ್ಪು ಮಾಡದವರು ಇನ್ನಾರೋ. ‘ತಾವು ತಪ್ಪು ಮಾಡಿಲ್ಲವೆಂದು ಅಧ್ಯಕ್ಷರು ಹೇಳಿದರು’ ಎಂದರೆ ಅಧ್ಯಕ್ಷರೇ. ಈ ‘ತಾನು, ತಾವು’ ಎಂಬ ಅಮೂಲ್ಯ ಪದಗಳನ್ನು ಅನುವಾದದ ಅವಸರದಲ್ಲಿ ಮರೆತು ಎಲ್ಲಕ್ಕೂ ‘ಅವರು’ ಎಂದು ಬರೆಯುವ ಅಭ್ಯಾಸ ಬೆಳೆಯುತ್ತಿರುವುದು ವಿಷಾದಕರ. ‘ಹೇಳಿದರು’ ಎಂಬ ಪದದ ಸ್ಥಾನದಲ್ಲಿ ‘ಒಪ್ಪಿಕೊಂಡರು’, ‘ಜಾರಿಕೊಂಡರು’, ‘ಬಹಿರಂಗಪಡಿಸಿದರು’ ಎಂದು ಬಣ್ಣ ಹಚ್ಚುವುದೂ ಅಪಾಯವೇ. ‘ಒಪ್ಪಿಕೊಂಡರು’ ಎಂದರೆ ತಪ್ಪು ನಡೆದಿದೆಯೆಂದು ವರದಿಗಾರನೇ ತೀರ್ಪು ಕೊಟ್ಟಂತಾಗುತ್ತದೆ. ‘ಹೇಳಿದರು’ ಎಂಬುದು ಸಪ್ಪೆಯಾಗಿ ಕಂಡರೂ ನ್ಯಾಯವಾದ ಪದ.

ಇನ್ನೊಂದು ಮಾತು. ಹೇಳಿದವರ ಹೆಸರನ್ನು ಮರೆಮಾಡಬೇಕಾದಾಗ ನಮ್ಮ ವಾರ್ತೆಗಳಲ್ಲಿ ‘ತಿಳಿದುಬಂದಿದೆ’, ‘ಎನ್ನಲಾಗಿದೆ’ ಎಂಬ ಪ್ರಯೋಗಗಳು ಹೇರಳವಾಗಿ ಬರುತ್ತವೆ. ಇವುಗಳಿಗಿಂತ ನಮ್ಮ ಅಜ್ಜಿಯರ ‘ಅಂತೆ’ ಎಂಬುದು ಎಷ್ಟೋ ಪ್ರಾಮಾಣಿಕವಾದುದು. ‘ಅಲ್ಲಿ ಮಳೆಯಾಯಿತಂತೆ’ ಎಂದರೆ ‘ನಾನು ಕಂಡದ್ದಲ್ಲ, ಕೇಳಿದ್ದು’ ಎಂದು ಸ್ಪಷ್ಟವಾಗಿ ಒಪ್ಪಿದಂತಾಯಿತು. ‘ತಿಳಿದುಬಂದಿದೆ’ ಎಂಬುದರಲ್ಲಿಯಾದರೋ ತಿಳಿದವರು ಯಾರು, ತಿಳಿಸಿದವರು ಯಾರು ಎರಡೂ ಮಾಯ. ಅದು ಹೊಸ ವೇಷದ ಅಶರೀರವಾಣಿ. ಹೆಸರು ಹೇಳಿದರೆ ಪ್ರಾಣಕ್ಕೋ ಉದ್ಯೋಗಕ್ಕೋ ಸಂಚಕಾರ ಬರುವಂತಿದ್ದರೆ ಹೆಸರನ್ನು ಬಿಡುವುದು ಧರ್ಮ. ಆದರೆ ಆಗ ಆ ವ್ಯಕ್ತಿಗೆ ಈ ಸಂಗತಿ ಹೇಗೆ ಗೊತ್ತಾಯಿತೆಂಬುದನ್ನಾದರೂ ತಿಳಿಸಬೇಕು. ಅವನು ಹೇಳಿದ್ದಕ್ಕಿಂತ ಒಂದು ಎಳೆಯನ್ನೂ ಹೆಚ್ಚಿಸಬಾರದು. 2003ನೆಯ ಇಸವಿ ಮೇ 29ರ ಬೆಳಿಗ್ಗೆ ಬಿಬಿಸಿಯ ವರದಿಗಾರನೊಬ್ಬನು ಹೆಸರು ಹೇಳದ ಮೂಲವನ್ನು ಆಧರಿಸಿ, ಇರಾಕಿನ ಶಸ್ತ್ರಾಸ್ತ್ರಗಳ ವಿಷಯದಲ್ಲಿ ಸರಕಾರದ ಮೇಲೆ ಗುರುತರವಾದ ಆಪಾದನೆಯನ್ನು ಬರೆದುಕೊಳ್ಳದೆ ನೇರವಾಗಿ ಬಾನುಲಿಯಲ್ಲಿ ಆಡಿದನು. ಆ ಮೂಲವೆಂದು ಹೆಸರು ಹೊರಬಿದ್ದ ವಿಜ್ಞಾನಿ ಡೇವಿಡ್ ಕೆಲ್ಲಿಯವರು ಜುಲೈ ತಿಂಗಳಲ್ಲಿ ಮೃತರಾಗಿ ಕಂಡುಬಂದರು. 2004ರ ಜನವರಿಯಲ್ಲಿ ವಿಚಾರಣಾ ವರದಿ ಬಂದಾಗ ಸಂಸ್ಥೆಯ ಇಬ್ಬರು ಮುಖ್ಯಸ್ಥರು ಸ್ಥಾನ ಬಿಟ್ಟರು. ಸಂದರ್ಶನದ ಟಿಪ್ಪಣಿಯನ್ನು ಸರಿಯಾಗಿ ಬರೆದಿಡಬೇಕೆಂಬ ಹಳೆಯ ಪಾಠವನ್ನು ಅಷ್ಟು ದೊಡ್ಡ ಸಂಸ್ಥೆ ಮತ್ತೊಮ್ಮೆ ಕಲಿಯಬೇಕಾಯಿತು.

ಮಾತಿನೊಳಗಿನ ಮಾತು, ಎಂದರೆ ಒಬ್ಬರು ಉದ್ಧರಿಸಿದ ಇನ್ನೊಬ್ಬರ ಮಾತು, ಎಲ್ಲಕ್ಕಿಂತ ಕಠಿಣವಾದುದು. ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಬೋಧಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ‘ಮಾರ್ಗ’ ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಎಂ. ಎಂ. ಕಲಬುರ್ಗಿಯವರು 2014ರ ಜೂನಿನಲ್ಲಿ ಬೆಂಗಳೂರಿನಲ್ಲಿ ಮೂಢನಂಬಿಕೆಯ ವಿಷಯವಾಗಿ ಮಾತಾಡುತ್ತ, ಯು. ಆರ್. ಅನಂತಮೂರ್ತಿಯವರು ತಮ್ಮ ಬರಹವೊಂದರಲ್ಲಿ ಹೇಳಿಕೊಂಡಿದ್ದ ಬಾಲ್ಯದ ಪ್ರಸಂಗವೊಂದನ್ನು ಪ್ರಸ್ತಾಪಿಸಿದರು. ಕೆಲವು ವರದಿಗಳಲ್ಲಿ ಅದು ಕಲಬುರ್ಗಿಯವರದೇ ಮಾತೆಂಬಂತೆ ಹರಡಿತು. ಪ್ರತಿಭಟನೆಗಳು ನಡೆದವು, ದೂರುಗಳು ದಾಖಲಾದವು, ಅವರ ಮನೆಗೆ ಪೋಲೀಸು ರಕ್ಷಣೆ ಒದಗಿಸಬೇಕಾಯಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಿನಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಯಾವ ಕಾರಣಕ್ಕೆ ಏನಾಯಿತೆಂದು ನಿರ್ಣಯಿಸುವುದು ನ್ಯಾಯಾಲಯದ ಕಾರ್ಯ. ಅದರಲ್ಲಿ ನಾನು ಕೈಹಾಕುವುದಿಲ್ಲ. ನನ್ನ ಗಮನವಿರುವುದು ಇನ್ನೊಂದು ಸಂಗತಿಯ ಮೇಲೆ. ವಚನಗಳ ಹಸ್ತಪ್ರತಿಗಳನ್ನು ತಾಳೆನೋಡಿ, ಯಾವ ನುಡಿ ಯಾವ ಶರಣರದು, ಯಾವುದು ಅನಂತರ ಸೇರಿದ್ದು ಎಂದು ನಿರ್ಣಯಿಸುವುದರಲ್ಲಿ ಜೀವಮಾನವನ್ನೇ ಸವೆಸಿದ ವಿದ್ವಾಂಸರ ಹೆಗಲಿಗೆ ಇನ್ನೊಬ್ಬರ ಮಾತನ್ನು ಹೊರಿಸಲಾಯಿತು. ‘ಎಂದು ಅನಂತಮೂರ್ತಿಯವರು ಬರೆದಿದ್ದಾರೆ’ ಎಂಬಷ್ಟು ಬಾಲ ಕಳಚಿಬಿದ್ದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಗಂಭೀರವಾದ ನಿದರ್ಶನ ನನಗೆ ತೋಚದು.

ವಚನವೆಂದರೆ ಆಡಿದ ಮಾತು. ಆ ಮಾತಿನ ಕೊನೆಗೆ ಅಂಕಿತವಿದೆ. ಕೂಡಲಸಂಗಮದೇವನೋ, ಗುಹೇಶ್ವರನೋ, ಚೆನ್ನಮಲ್ಲಿಕಾರ್ಜುನನೋ ಬಂದೊಡನೆ ಆಡಿದವರು ಯಾರೆಂಬುದು ತಿಳಿಯುತ್ತದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿ ಶೂನ್ಯಸಂಪಾದನೆಯನ್ನು ರಚಿಸಿದನು. ಅಲ್ಲಿ ಶರಣರು ಎದುರುಬದುರು ಕುಳಿತು ಪ್ರಶ್ನೋತ್ತರ ನಡೆಸುವಂತೆ ನಮಗೆ ಕೇಳಿಸುತ್ತದೆ. ಆ ಜೋಡಣೆ ಸಂಕಲನಕಾರನ ಪ್ರತಿಭೆ. ಅದನ್ನು ಓದುವವರು ಕೃತಿಯೆಂದೇ ಓದುತ್ತಾರೆ. ಹಾಗಿದ್ದರೂ ಅವನು ಒಬ್ಬರ ವಚನದಿಂದ ಇನ್ನೊಬ್ಬರ ಅಂಕಿತವನ್ನು ತೂಗಹಾಕಲಿಲ್ಲ. ವಾರ್ತೆಯ ಸಂಕಲನಕಾರನಿಗೆ ಆ ಕವಿಸ್ವಾತಂತ್ರ್ಯವೂ ಇಲ್ಲ. ಅಂಕಿತವನ್ನು ಕಾಯುವ ಕರ್ತವ್ಯ ಮಾತ್ರ ಉಂಟು.

ಈ ಕರ್ತವ್ಯ ಈಗ ಮೊದಲಿಗಿಂತಲೂ ಭಾರವಾಗಿದೆ. ಒಂದು ಸಂದರ್ಶನದ ಹತ್ತು ಸೆಕೆಂಡಿನ ತುಣುಕು ಫೋನಿನಿಂದ ಫೋನಿಗೆ ಹಾರುತ್ತ, ಪ್ರಶ್ನೆಯಿಲ್ಲದೆ, ತಾರೀಖಿಲ್ಲದೆ, ಊರಿಲ್ಲದೆ ಮನೆಮನೆಗೆ ಮುಟ್ಟುತ್ತದೆ. ಒಬ್ಬರ ಕಂಠವನ್ನು ಯಂತ್ರಕ್ಕೆ ಕಲಿಸಿ, ಅವರು ಎಂದೂ ಆಡದ ಮಾತನ್ನು ಅವರ ದನಿಯಲ್ಲಿಯೇ ನುಡಿಸುವುದೂ ಸಾಧ್ಯವಾಗಿದೆ. ‘ಅವರ ಧ್ವನಿಯಲ್ಲಿಯೇ ಕೇಳಿದೆ’ ಎಂಬುದು ಒಂದು ಕಾಲಕ್ಕೆ ಕೊನೆಯ ಸಾಕ್ಷ್ಯವಾಗಿತ್ತು. ಈಗ ಅದು ವಿಚಾರಣೆಯ ಪ್ರಾರಂಭ ಮಾತ್ರ. ಹೀಗಿರುವಾಗ ಪ್ರತಿಯೊಂದು ವಾರ್ತಾಕೇಂದ್ರವೂ ಕತ್ತರಿಸದ ಮೂಲಮುದ್ರಣವನ್ನು ಪ್ರಶ್ನೆಗಳ ಸಹಿತ, ಸ್ಥಳ ಮತ್ತು ತಾರೀಖಿನ ಸಹಿತ ಕಾಪಾಡಿಡಬೇಕು. ‘ನನ್ನ ಮಾತನ್ನು ತಿರುಚಿದಿರಿ’ ಎಂದು ಯಾರಾದರೂ ಬಂದರೆ ತೆರೆದು ಕೇಳಿಸುವಂತಿರಬೇಕು. ತಪ್ಪು ನಡೆದಿದ್ದರೆ ಅದೇ ಹೊತ್ತಿನ ವಾರ್ತೆಯಲ್ಲಿ ಅಷ್ಟೇ ಗಟ್ಟಿಯಾಗಿ ತಿದ್ದಬೇಕು.

ಕೇಳುಗರಾದ ನಮ್ಮ ಪಾಲಿನ ಕೆಲಸವೂ ಸ್ವಲ್ಪ ಇದೆ. ಯಾರದಾದರೂ ಮಾತು ಕಿವಿಗೆ ಬಿದ್ದು ಮನಸ್ಸು ಕೆರಳಿದಾಗ, ಇದನ್ನು ಆಡಿದವರು ಯಾರು, ಯಾವ ಪ್ರಶ್ನೆಗೆ ಆಡಿದ್ದು, ಇದರ ಮುಂದಿನ ವಾಕ್ಯ ಯಾವುದು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಮೂರಕ್ಕೂ ಉತ್ತರ ದೊರೆಯದಿದ್ದರೆ ಆ ಮಾತನ್ನು ಇನ್ನೊಬ್ಬರಿಗೆ ದಾಟಿಸದೆ ತಡೆಯುವುದು ಕಷ್ಟದ ಕೆಲಸವೇನಲ್ಲ. ಕಂಸನ ಕತ್ತಿಯನ್ನು ಅಂದು ತಡೆದವನು ವಸುದೇವ. ಅವನು ಮಾಡಿದ್ದಿಷ್ಟೇ, ಕೋಪದ ನಡುವೆ ಸ್ವಲ್ಪ ವೇಳೆಯನ್ನು ಬೇಡಿದನು.